ಟ್ಯಾರೋ ನೋಡಿಸುವ ಮುಂಚೆ ಪ್ರಶ್ನೆ ಸರಿ ಮಾಡಿಕೊಳ್ಳಿ

ಟ್ಯಾರೋ ಅಂದರೆ ಚಿತ್ರವಿರುವ ಕಾರ್ಡುಗಳನ್ನು ತೆಗೆದು ಭವಿಷ್ಯ ಓದುವ ಪದ್ಧತಿ. ಅಲ್ಲಿ ‘ನನಗೆ ಕೆಲಸ ಸಿಗುತ್ತಾ?’ ಅಂತ ಸುಮ್ನೆ ಕೇಳಬೇಡಿ. ‘ಕೆಲಸ ಬದಲಿಸುವ ಮುಂಚೆ ನಾನು ಏನನ್ನು ಗಮನಿಸಬೇಕು?’ ಎಂದು ಕೇಳಿ ನೋಡಿ. ಆಗ ಯೋಚಿಸಲು ಏನಾದರೂ ಸಿಗುತ್ತದೆ. 78 ಕಾರ್ಡುಗಳಲ್ಲಿ ಒಂದೊಂದಕ್ಕೂ ಹಲವು ಅರ್ಥ. ನಿಮ್ಮ ಪ್ರಶ್ನೆ, ಕಾರ್ಡು ಬಿದ್ದ ಜಾಗ, ಪಕ್ಕದ ಕಾರ್ಡು, ಎಲ್ಲ ಸೇರಿಸಿಯೇ ಓದಬೇಕು, ಅಲ್ವಾ?

13ನೇ ಕಾರ್ಡು ‘ಡೆತ್’ ಬಂದರೆ ಗಾಬರಿ ಬೇಡ. ಒಂದು ಹಂತ ಮುಗಿದು ಇನ್ನೊಂದು ಶುರುವಾಗುತ್ತಿದೆ ಎಂದೇ ಅದನ್ನು ಸಾಮಾನ್ಯವಾಗಿ ಓದುತ್ತಾರೆ. ಅದನ್ನು ತೋರಿಸಿ ಹೆದರಿಸಿ, ಪರಿಹಾರಕ್ಕೆ ದುಡ್ಡು ಕೇಳಿದರೆ ದಯವಿಟ್ಟು ಎದ್ದು ಬನ್ನಿ.

ಉತ್ತರ ಇಷ್ಟವಾಗಲಿಲ್ಲ ಅಂತ ಅದೇ ಪ್ರಶ್ನೆಗೆ ಮತ್ತೆ ಮತ್ತೆ ಕಾರ್ಡು ತೆಗೆಸಬೇಡಿ, ಗೊಂದಲ ಜಾಸ್ತಿಯಾಗುತ್ತದೆ. ಬಂದ ಕಾರ್ಡುಗಳ ಫೋಟೋ ತೆಗೆದು, ತಾರೀಖು ಬರೆದಿಡಿ. ಕಾಯಿಲೆ, ಕೋರ್ಟಿನ ವಿಷಯಕ್ಕೆ ಮಾತ್ರ ಡಾಕ್ಟರು, ವಕೀಲರ ಹತ್ತಿರವೇ ಹೋಗಿ.