ಗಾಡಿ ಕಪ್ಲರ್‌ನಿಂದ ಪಿನ್ ತೆಗೆದು ಮತ್ತೆ ಕೂರಿಸೋದು ಹೇಗೆ

ಇಂಡಿಕೇಟರ್ ಒಂದ್ಸಲ ಹತ್ತುತ್ತೆ ಒಂದ್ಸಲ ಹತ್ತಲ್ಲ, ವೈರ್‌ಗಳನ್ನ ಒಂದಕ್ಕೊಂದು ಜೋಡಿಸೋ ಪ್ಲಾಸ್ಟಿಕ್ ಕಪ್ಲರ್ ಹಿಡ್ದು ಅಲ್ಲಾಡ್ಸಿದ್ರೆ ಸರಿ ಹೋಗುತ್ತೆ ಅಂದ್ರೆ ಬಲ್ಬಿನ ಮೇಲೆ ಅನುಮಾನ ಬೇಡ, ಒಳಗೆ ವೈರ್ ತುದಿಗೆ ಕೂರ್ಸಿರೋ ಯಾವ್ದೋ ತಗಡಿನ ಪಿನ್ ಹಿಂದಕ್ಕೆ ಜಾರಿರುತ್ತೆ ಇಲ್ಲಾ ಹಸಿರು ಕಿಲುಬು ಹಿಡಿದಿರುತ್ತೆ. ಇದಕ್ಕೆ ಕಪ್ಲರನ್ನೇ ಕತ್ತರಿಸಿ ವೈರ್ ತಿರುಚಿ ಟೇಪ್ ಸುತ್ತಿ ಕಳ್ಸೋರು ಬಹಳ ಜನ ಇದ್ದಾರೆ, ಒಂದು ಮಳೆಗಾಲ ಕಳೆಯೋದ್ರೊಳಗೆ ಆ ಟೇಪ್ ಒಳಗೆ ನೀರು ಸೇರಿ ಅದೇ ಕಥೆ. ಪಿನ್ ತೆಗೆಯೋದು ಅಷ್ಟೇನೂ ಕಷ್ಟದ ಕೆಲ್ಸ ಅಲ್ಲ.

ಕೀ ಆಫ್ ಮಾಡಿ ಬ್ಯಾಟರಿ ನೆಗೆಟಿವ್ ಬಿಚ್ಚಿ. ಯಾವ ಬಣ್ಣದ ವೈರ್ ಯಾವ ತೂತಲ್ಲಿದೆ ಅಂತ ಎರಡೂ ಕಡೆಯಿಂದ ಫೋಟೋ ತೆಗೀರಿ, ನೆನಪಿರುತ್ತೆ ಅನ್ಕೋಬೇಡಿ.

ಈಗ ಟಾರ್ಚ್ ಹಾಕಿ ಪಿನ್ ಹಿಡ್ಕೊಂಡಿರೋ ಲಾಕ್ ಎಲ್ಲಿದೆ ನೋಡಿ, ಇಡೀ ಕೆಲ್ಸ ಇರೋದು ಇಲ್ಲೇ. ಲಾಕ್ ಎರಡು ತರ ಇರುತ್ತೆ. ಒಂದು, ಪಿನ್ ಬೆನ್ನ ಮೇಲೇ ಸಣ್ಣ ತಗಡಿನ ನಾಲಿಗೆ ಎದ್ದಿರುತ್ತೆ, ಅದು ಪ್ಲಾಸ್ಟಿಕ್ ಮೆಟ್ಟಿಲಿಗೆ ಸಿಕ್ಕಾಕೊಂಡಿರುತ್ತೆ. 6.3 ಎಂಎಂ ಚಪ್ಪಟೆ ಪಿನ್ ಇರೋ ಬಿಳಿ ಕಪ್ಲರ್‌ಗಳು ಸಾಮಾನ್ಯವಾಗಿ ಹೀಗೇ, ಜೆಎಸ್‌ಟಿ ಎಕ್ಸ್‌ಎಚ್ ಅನ್ನೋ 2.5 ಎಂಎಂ ಪಿಚ್‌ನ (ಪಿನ್ನಿಂದ ಪಿನ್ನಿಗೆ ಇರೋ ಅಂತರ) ಪುಟಾಣಿ ಕನೆಕ್ಟರೂ ಹೀಗೇ, ಆದ್ರೆ ಅದ್ರಲ್ಲಿ ನಾಲಿಗೆ ಪಕ್ಕದ ಕಿಟಕಿಯಲ್ಲೇ ಕಾಣುತ್ತೆ. ಇನ್ನೊಂದು, ಪಿನ್ ಸಪಾಟಾಗಿರುತ್ತೆ, ಕಪ್ಲರ್‌ನ ಪ್ಲಾಸ್ಟಿಕ್ ಕೊಕ್ಕೆನೇ ಅದನ್ನ ಹಿಡ್ಕೊಂಡಿರುತ್ತೆ. ನೀರು ಹೋಗದ ಸೀಲ್ಡ್ ಕಪ್ಲರ್‌ಗಳಲ್ಲಿ ಹೆಚ್ಚಾಗಿ ಇದು, ಆರ್ಡುಯಿನೋ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಲ್ಲಿ ಪ್ರಯೋಗ ಮಾಡೋರು ಬಳಸೋ ಡುಪಾಂಟ್ ವೈರಲ್ಲೂ ಇದೇ. ತಗಡಿನ ನಾಲಿಗೆ ಆದ್ರೆ ಒಳಕ್ಕೆ ಒತ್ಬೇಕು, ಪ್ಲಾಸ್ಟಿಕ್ ಕೊಕ್ಕೆ ಆದ್ರೆ ಪಿನ್‌ನಿಂದ ದೂರಕ್ಕೆ ಎತ್ಬೇಕು, ಇದು ಉಲ್ಟಾ ಆದ್ರೆ ಕೊಕ್ಕೆ ಮುರಿಯುತ್ತೆ, ಆಮೇಲೆ ಆ ಕಪ್ಲರ್ ಕೆಲ್ಸಕ್ಕೆ ಬರಲ್ಲ. ಸೀಲ್ಡ್ ಕಪ್ಲರ್ ಮುಂಭಾಗದಲ್ಲೋ ಪಕ್ಕದಲ್ಲೋ ಬೇರೆ ಬಣ್ಣದ ಸಣ್ಣ ಪ್ಲಾಸ್ಟಿಕ್ ತುಂಡಿದ್ರೆ ಅದು ಎರಡನೇ ಲಾಕ್, ಮೊದ್ಲು ಅದನ್ನ ಈಚೆಗೆ ಜಾರಿಸಿ.

ವೈರನ್ನ ಎಳೆಯೋ ಮುಂಚೆ ಒಳಕ್ಕೆ ತಳ್ಳಿ. ಹೌದು, ತಳ್ಳಿ. ಆಗ ಲಾಕ್ ಮೇಲಿನ ಬಿಗಿ ಸಡಿಲ ಆಗುತ್ತೆ. ತಳ್ಳಿ ಹಿಡ್ಕೊಂಡೇ ವಾಚ್ ಸ್ಕ್ರೂಡ್ರೈವರೋ ದಪ್ಪ ಸೂಜಿನೋ ಲಾಕ್ ಪಕ್ಕ ತೂರ್ಸಿ ಬಿಡಿಸಿ, ಆಮೇಲೆ ವೈರ್ ಮೆಲ್ಲಗೆ ಎಳೀರಿ. ಬರ್ಲಿಲ್ಲಾಂದ್ರೆ ಮತ್ತೆ ತಳ್ಳಿ ಸೂಜಿ ಜಾಗ ಸ್ವಲ್ಪ ಬದಲಾಯ್ಸಿ, ಜೋರು ಎಳೆದ್ರೆ ವೈರ್ ಕೈಗೆ ಬರುತ್ತೆ ಪಿನ್ ಒಳಗೇ ಉಳಿಯುತ್ತೆ.

ಹಸಿರು ಸ್ವಲ್ಪ ಇದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ಫೀಮೇಲ್ ಪಿನ್, ಅಂದ್ರೆ ಎದುರಿನ ಪಿನ್ ಒಳಗೆ ಕೂರೋ ಪಿನ್, ಸಡಿಲ ಆಗಿದ್ರೆ ಅದರ ಸುರುಳಿ ಅಂಚನ್ನ ನೋಸ್ ಪ್ಲೈಯರ್‌ನಲ್ಲಿ ಒಂದು ಕೂದಲಷ್ಟು ಅಮುಕಿ, ಜಾಸ್ತಿ ಬೇಡ. ಬಿಸಿಗೆ ಕಂದು ಬಣ್ಣ ಬಂದಿರೋ ಪಿನ್‌ಗೆ ಸ್ಪ್ರಿಂಗ್ ಉಳಿದಿರಲ್ಲ, ಅದನ್ನ ಎಸೆದು ಹೊಸದನ್ನ ಕ್ರಿಂಪ್ ಮಾಡಿ, ಅಂದ್ರೆ ವೈರ್ ಮೇಲೆ ಅಮುಕಿ ಕೂರ್ಸಿ. ಬೆಂಗಳೂರಲ್ಲಿರೋರು ಲೂಸ್ ಪಿನ್, ಖಾಲಿ ಕಪ್ಲರ್‌ಗೆ ಜೆಸಿ ರೋಡ್ ಕಡೆ ವಿಚಾರಿಸಿ. ಬೆಸುಗೆ ಹಾಕೋದು ನಂಗಿಷ್ಟ ಇಲ್ಲ, ಸೀಸ ಒಳಕ್ಕೆ ಹರಿದು ವೈರ್ ಗಟ್ಟಿಯಾಗಿ ಗಾಡಿ ಅದುರೋವಾಗ ಅದೇ ಅಂಚಲ್ಲಿ ತುಂಡಾಗುತ್ತೆ.

ವಾಪಸ್ ಹಾಕೋ ಮುಂಚೆ ಒತ್ತಿದ ತಗಡಿನ ನಾಲಿಗೆನ ಬ್ಲೇಡ್ ತುದಿಯಿಂದ ಮತ್ತೆ ಎಬ್ಬಿಸ್ಲೇಬೇಕು, ಇದನ್ನ ಬಿಟ್ರೆ ಪಿನ್ ಒಳಗೆ ಹೋಗುತ್ತೆ ಆದ್ರೆ ನಿಲ್ಲಲ್ಲ, ಎದುರಿನ ಕಪ್ಲರ್ ಹಾಕಿದ ತಕ್ಷಣ ಹಿಂದಕ್ಕೆ ಸರಿಯುತ್ತೆ. ಮೊದಲಿದ್ದ ಮುಖಕ್ಕೇ ತಿರುಗಿಸಿ ಹಿಂದಿನಿಂದ ತಳ್ಳಿ, ಟಕ್ ಅನ್ನುತ್ತೆ, ಆಮೇಲೆ ಹಗುರವಾಗಿ ಎಳೆದು ನೋಡಿ. ಮುಂದಿನಿಂದ ನೋಡಿದ್ರೆ ಎಲ್ಲ ಪಿನ್ನೂ ಒಂದೇ ಆಳದಲ್ಲಿರ್ಬೇಕು. ಕೊನೆಗೆ ಆ ಬಣ್ಣದ ಲಾಕ್ ತುಂಡು ಒತ್ತಿ, ಅದು ಕೂರ್ತಿಲ್ಲ ಅಂದ್ರೆ ಯಾವ್ದೋ ಪಿನ್ ಪೂರ್ತಿ ಒಳಗೆ ಹೋಗಿಲ್ಲ ಅಂತ, ಸುತ್ತಿಗೆ ಹುಡುಕ್ಬೇಡಿ, ಒಂದೊಂದೇ ವೈರ್ ಹಿಂದಿನಿಂದ ತಳ್ಕೊಂಡು ಬನ್ನಿ.