ಪ್ರವಾಸ ಬರೆಯೋರ ಟಿಪ್ಪಣಿ ಪುಸ್ತಕಕ್ಕೆ

ಸೋಮನಾಥಪುರ, ಮೇಲುಕೋಟೆ ಕಡೆ ಹೊರಟರೆ ಜೆಲ್ ಪೆನ್ ಮನೇಲೇ ಬಿಡಿ. ಮಳೆ ಹನಿಗೆ, ಕೈ ಬೆವರಿಗೆ ಅಕ್ಷರ ಹರಡುತ್ತೆ. ಎಚ್‌ಬಿ ಪೆನ್ಸಿಲ್ ಹರಡಲ್ಲ. ಪುಟದ ಬಲಗಡೆ ಮೂರನೇ ಒಂದು ಭಾಗ ಖಾಲಿ ಬಿಟ್ಟು, ಅವತ್ತೇ ರಾತ್ರಿ ಅಲ್ಲಿ ವಿವರ ತುಂಬಿ. ನಾಳೆಗೆ ಇಟ್ಟರೆ ಮೊದಲು ಮರೆಯೋದು ವಾಸನೆ, ಸದ್ದು, ಜನ ಆಡಿದ ಮಾತು.

ಶಿಲ್ಪಕ್ಕಿಂತ ಮುಂಚೆ ಫಲಕದ ಫೋಟೋ ತೆಗೀರಿ, ಆಮೇಲೆ ಯಾವುದು ಎಲ್ಲಿಯದು ಅಂತ ತಡಕಾಡಬೇಕಿಲ್ಲ. ಸೋಮನಾಥಪುರದ ಕೇಶವ ದೇವಾಲಯ 1258ರದ್ದು, ಕಟ್ಟಿಸಿದವನು ದಂಡನಾಯಕ ಸೋಮನಾಥ. ಬೇಲೂರಿನ ಜೊತೆ ಕಲಸಿ ವಿಷ್ಣುವರ್ಧನ ಅಂತ ಬರೆಯೋರು ಇನ್ನೂ ಇದ್ದಾರೆ!

ಮೇಲುಕೋಟೆ ಬೆಟ್ಟದ ಮೇಲೆ ಮಾತು ರೆಕಾರ್ಡ್ ಮಾಡೋವಾಗ ಫೋನಿನ ಮೈಕ್ ಮೇಲೆ ಕರ್ಚೀಫಿನ ಒಂದೇ ಪದರ ಸುತ್ತಿ, ಗಾಳಿ ಸದ್ದು ತಗ್ಗುತ್ತೆ. ಬಸ್ ಟಿಕೆಟಿನ ಅಕ್ಷರ ಮಾಸುತ್ತೆ. ದರ, ಸಮಯ ಅವತ್ತೇ ಗೀಚಿಕೊಳ್ಳಿ.