ಹಾಸಿಗೆ ಹಿಡಿದ ಅವ್ವನ ಕೊನೆಯ ದಿನಗಳಲ್ಲಿ ಮನೆಯವರು ನಡೆದುಕೊಳ್ಳಬೇಕಾದ ಬಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಅವ್ವ ಹಾಸಿಗೆ ಹಿಡಿದ ಸುದ್ದಿ ಮುಟ್ಟಿದೊಡನೆ ಬೆಂಗಳೂರಿನ ಮಕ್ಕಳು, ಕೊಟ್ಟ ಹೆಣ್ಣುಮಕ್ಕಳು, ತವರಿನವರು ಎಲ್ಲರೂ ಬಂದು ಸೇರುತ್ತಾರೆ. ಅದು ಕಾಫಿ ಕೊಯ್ಲಿನ ಕಾಲವಾಗಿದ್ದರಂತೂ ಕಣದ ಕೆಲಸ, ಬಂದವರ ಊಟ, ಅವ್ವನ ಆರೈಕೆ ಮೂರೂ ಮನೆಯಲ್ಲಿರುವ ಸೊಸೆಯೊಬ್ಬಳ ಮೇಲೆ ಬೀಳುತ್ತವೆ. ಆದ್ದರಿಂದ ಮೊದಲು ರಾತ್ರಿಯ ಪಾಳಿಯನ್ನು ಹಂಚಿಕೊಂಡು, ಗಂಡುಮಕ್ಕಳ ಹೆಸರನ್ನೂ ಸೇರಿಸಿ ಬರೆದು ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಈ ಪಟ್ಟಿ ಹಾಕುವ ಹೊತ್ತಿಗೆ ಹತ್ತು ದಿನ ಕಳೆದಿತ್ತು, ಅತ್ತಿಗೆ ಒಲೆಯ ಮುಂದೆ ಕೂತಲ್ಲೇ ನಿದ್ದೆ ಹೋಗಿದ್ದರು. ಆ ತಪ್ಪು ನನ್ನನ್ನು ಇಂದಿಗೂ ಕಾಡುತ್ತದೆ.

ಹೆಚ್ಚಿನ ಮನಸ್ತಾಪ ಹುಟ್ಟುವುದು ಊಟದ ವಿಷಯದಲ್ಲಿ. ಊರಿನಿಂದ ಬಂದ ಮಗಳು ತಾಯಿಯ ಸೊರಗಿದ ಮುಖ ನೋಡಿ, "ಅತ್ತಿಗೆ, ಅವ್ವಂಗೆ ಹೊತ್ತು ಹೊತ್ತಿಗೆ ಏನೂ ಕೊಡ್ತಿಲ್ವಾ?" ಎಂದು ಕೇಳಿಬಿಡುತ್ತಾಳೆ. ಕೊನೆಯ ದಿನಗಳಲ್ಲಿ ದೇಹವೇ ಅನ್ನವನ್ನು ಒಲ್ಲೆನ್ನುತ್ತದೆ, ಅದು ಯಾರ ಅಲಕ್ಷ್ಯವೂ ಅಲ್ಲ ಎಂಬುದನ್ನು ವೈದ್ಯರ ಬಾಯಿಂದಲೇ ಎಲ್ಲರೂ ಒಟ್ಟಿಗೆ ಕೇಳಿಸಿಕೊಳ್ಳುವುದು ಒಳ್ಳೆಯದು. ಅವ್ವ ಎಚ್ಚರವಾಗಿದ್ದು ತಾವಾಗಿಯೇ ಬಾಯಿ ತೆರೆದರೆ, ತಲೆಯನ್ನು ಎತ್ತರಿಸಿ ಅರ್ಧ ಚಮಚ ಗಂಜಿ ಕೊಟ್ಟು, ಅದು ಗಂಟಲಿಳಿಯುವವರೆಗೆ ಕಾಯಿರಿ. ಮಂಪರಿನಲ್ಲಿರುವಾಗ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ, ಆಗ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಿದರೆ ಸಾಕು.

ಬೆನ್ನು ಹುಣ್ಣಾಗದಂತೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ, ಹಿಮ್ಮಡಿಗಳಲ್ಲಿ ಕೆಂಪಾದ ಜಾಗವನ್ನು ಉಜ್ಜಬಾರದು. ಈ ಕೆಲಸಕ್ಕೆ ಇಬ್ಬರು ಬೇಕು. ಬೇಲಿಯ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ನಮ್ಮ ಅಣ್ಣಂದಿರು ಒಂದು ರಾತ್ರಿ ಜೊತೆಯಾಗಿ ಪಾಳಿಯಲ್ಲಿದ್ದಾಗ, ಒಬ್ಬರು ಭುಜ, ಇನ್ನೊಬ್ಬರು ಸೊಂಟ ಹಿಡಿದು ಹೊರಳಿಸುವಾಗ, "ನಿಧಾನ ಕಣೋ, ಅವ್ವಂಗೆ ನೋವಾಗುತ್ತೆ" ಎಂದದ್ದೇ ಅವರ ನಡುವಿನ ಮೊದಲ ಮಾತು.

ಆಸ್ತಿಯ ಮಾತನ್ನು ಅವ್ವನ ಕೋಣೆಯಲ್ಲಿ ಎತ್ತಲೇಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಉಂಟೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಅವ್ವನಿಗೆ ತಮ್ಮ ಸ್ವಂತದ್ದನ್ನು ವಿಲ್ ಮಾಡುವ ಮನಸ್ಸಿದ್ದರೆ, ಪ್ರಜ್ಞೆ ಚೆನ್ನಾಗಿರುವಾಗಲೇ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆಸಬೇಕು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ. ಅರೆಪ್ರಜ್ಞೆಯಲ್ಲಿರುವವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ, ಮುಂದೆ ಕೋರ್ಟಿಗೆ ಅಲೆದಾಟವೂ ತಪ್ಪದು.

ನೋವಿದ್ದರೆ ಸಹಿಸಿಕೊಳ್ಳಲು ಬಿಡದೆ ವೈದ್ಯರಿಗೆ ತಿಳಿಸಿ. ತೀವ್ರ ನೋವು ತಗ್ಗಿಸುವ ಮಾರ್ಫಿನ್ ಔಷಧಿ ಬರೆದುಕೊಟ್ಟರೆ, ಹೇಳಿದ ಪ್ರಮಾಣದಲ್ಲಿ ಅಂಜದೆ ಕೊಡಿ. ಉಸಿರಾಟ ಗೊರಗೊರ ಎನ್ನತೊಡಗಿದರೆ, ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತಿರುತ್ತದೆ, ಮಗ್ಗುಲಾಗಿ ಮಲಗಿಸಿ. ಮಾತು ನಿಂತ ಮೇಲೂ ಕಿವಿ ಕೇಳುತ್ತಿರಬಹುದು. ಬರಲಾಗದ ಮಕ್ಕಳಿದ್ದರೆ ಅವ್ವನ ಕಿವಿಯ ಬಳಿ ಫೋನ್ ಹಿಡಿದು, ಅವರು ಮಾತು ಮುಗಿಸುವವರೆಗೆ ಉಳಿದವರು ಹೊರಗೆ ಜಗಲಿಯಲ್ಲಿರಿ.